ಈಸ್ಟರ್ ಉಡುಗೊರೆ ಬುಟ್ಟಿ: ಮೊಟ್ಟೆ ಚೆನ್ನ, ಮೊಲ ಪರವಾಗಿಲ್ಲ, ಕಥೆ ಮಾತ್ರ ಬುರುಡೆ

ಈ ಬುಟ್ಟಿಯನ್ನು ಪೂರ್ತಿ ಬೈಯುವ ಉದ್ದೇಶ ನನಗಿಲ್ಲ. ಒಳಗಿರುವ ಚಾಕೊಲೇಟ್ ಮೊಟ್ಟೆ ನಿಜವಾಗಿ ಒಳ್ಳೆಯದು. ಮೊಟ್ಟೆಗೆ ಬಣ್ಣ ಹಾಕುವ ಸೆಟ್ ಇನ್ನೂ ಒಳ್ಳೆಯದು. ಆದರೆ ಸುಮ್ನೆ ಜಾಗ ತುಂಬಿಸಲು ಇಟ್ಟ ವಸ್ತುಗಳೂ ಜಾಸ್ತಿ ಇವೆ. ಒಂದು ವಸ್ತುವಂತೂ ಬೆಕ್ಕಿರುವ ಮನೆಯ ಬಾಗಿಲು ದಾಟಲೇಬಾರದು. ಇದೆಲ್ಲದರ ಮೇಲೆ "ಈಸ್ಟರ್ ಹಬ್ಬದ ಕಥೆ" ಅಂತ ಒಂದು ಚೆಂದದ ಕಾರ್ಡ್ ಇಟ್ಟಿದ್ದಾರೆ. ಅದರಲ್ಲಿ ಅರ್ಧಕ್ಕರ್ಧ ಬುರುಡೆ.

ನಾನು ಮನೆಯಲ್ಲೇ ಚಾಕೊಲೇಟ್ ಮಾಡಿ ಮಾರುವವಳು. ಹಬ್ಬದ ಹೊತ್ತಿಗೆ ಬೇರೆಯವರ ಆರ್ಡರ್ ಮುಗಿಸುವುದೇ ದೊಡ್ಡ ಕೆಲಸ. ಹಾಗಾಗಿ ತಮ್ಮನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಈ ಬುಟ್ಟಿ ತರಿಸಿದೆ. ಮಾರಿದವರ ಹೆಸರು ಹೇಳುವುದಿಲ್ಲ. ಇಂಥ ಬುಟ್ಟಿ ಮಾರುವವರು ಎಷ್ಟೋ ಜನ ಇದ್ದಾರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ನೀವು ಎಲ್ಲಿಂದ ತರಿಸಿದರೂ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಪ್ಯಾಕಿಂಗ್ ಬಗ್ಗೆ ದೂರಿಲ್ಲ. ಚಾಕೊಲೇಟ್ ಸುತ್ತ ತಂಪಿನ ಜೆಲ್ ಪೊಟ್ಟಣ ಇಟ್ಟು, ಅದರ ಮೇಲೆ ಬೆಳ್ಳಿ ಬಣ್ಣದ ಹಾಳೆ ಸುತ್ತಿದ್ದರು. ಇದು ದುಬಾರಿ ಶೋಕಿ ಅಲ್ಲ. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ, ಅಂದರೆ ಕೋಕೋ ಬೀಜದ ಕೊಬ್ಬು, ಕರಗುವುದು ಸುಮಾರು 34 ಡಿಗ್ರಿಗೆ. ಅಂದರೆ ನಮ್ಮ ಮೈ ಬಿಸಿಗಿಂತಲೂ ಕಡಿಮೆ. ಬಾಯಲ್ಲಿಟ್ಟರೆ ಕರಗುವ ಗುಣವೇ ಡೆಲಿವರಿ ಗಾಡಿಯೊಳಗೆ ಅದರ ಶತ್ರು.

ಈಗ ದೊಡ್ಡ ಮೊಟ್ಟೆ. ಹಾಲು ಚಾಕೊಲೇಟಿನದು, ಒಳಗೆ ಟೊಳ್ಳು. ಕೈಗೆ ಬಂದ ಕೂಡಲೇ ನಾನು ನೋಡುವುದು ಹೊಳಪು. ಆಮೇಲೆ ಉಗುರಿನಿಂದ ತಟ್ಟಿ ಸದ್ದು ಕೇಳುತ್ತೇನೆ. ಚಾಕೊಲೇಟನ್ನು ಸರಿಯಾಗಿ ಹದ ಮಾಡಿದ್ದರೆ ಟಕ್ ಅಂತ ಗಟ್ಟಿ ಸದ್ದು ಬರುತ್ತದೆ, ಮುರಿದಾಗ ಅಂಚು ಚೂಪಾಗಿ ನಿಲ್ಲುತ್ತದೆ. ಈ ಹದಕ್ಕೆ ನಮ್ಮವರು ಟೆಂಪರಿಂಗ್ ಅನ್ನುತ್ತೇವೆ. ಕೋಕೋ ಬೆಣ್ಣೆ ಆರು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ನಮಗೆ ಬೇಕಾದದ್ದು ಐದನೆಯದು ಮಾತ್ರ. ಕಪ್ಪು ಚಾಕೊಲೇಟನ್ನು 45ರಿಂದ 50 ಡಿಗ್ರಿವರೆಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ಹಾಲು ಚಾಕೊಲೇಟಿಗೆ ಇದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ಇದನ್ನು ತಪ್ಪಿಸಿದರೆ ಕೆಲವು ದಿನಗಳಲ್ಲೇ ಮೇಲೆ ಬಿಳಿ ಬಿಳಿ ಪದರ ಕಾಣಿಸಿಕೊಳ್ಳುತ್ತದೆ. ಜನ ಬೂಷ್ಟು ಅಂದುಕೊಂಡು ಎಸೆಯುತ್ತಾರೆ. ಬೂಷ್ಟಲ್ಲ, ಕೊಬ್ಬು ಮೇಲೆ ಬಂದಿರುತ್ತದೆ ಅಷ್ಟೇ. ತಿನ್ನಬಹುದು, ರುಚಿ ಮಾತ್ರ ಸಪ್ಪೆ.

ಈ ಮೊಟ್ಟೆಯಲ್ಲಿ ಅಂಥ ಕಲೆ ಒಂದೂ ಇರಲಿಲ್ಲ. ಎರಡು ಹೋಳುಗಳನ್ನು ಸೇರಿಸಿದ ಗೆರೆ ಬೆರಳಿಗೆ ಅಷ್ಟಾಗಿ ಸಿಗುವುದಿಲ್ಲ. ಗೋಡೆ ಮೇಲೂ ಕೆಳಗೂ ಒಂದೇ ದಪ್ಪ. ಅಚ್ಚಿಗೆ ಚಾಕೊಲೇಟ್ ಸುರಿದು ಯಂತ್ರದಲ್ಲಿ ನಿಧಾನವಾಗಿ ತಿರುಗಿಸಿದಾಗ ಮಾತ್ರ ಹೀಗೆ ಬರುತ್ತದೆ. ಕೈಯಲ್ಲಿ ಮಾಡಿದರೆ ತಳದಲ್ಲಿ ದಪ್ಪ, ತುದಿಯಲ್ಲಿ ತೆಳು ಆಗುವುದು ಸಾಮಾನ್ಯ. ಪಟ್ಟಿಯಲ್ಲಿ ಕೋಕೋ ಬೆಣ್ಣೆ ಇದೆ, ಅದರ ಬದಲು ಬೇರೆ ಎಣ್ಣೆ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬುಟ್ಟಿ ಕೊಳ್ಳುವಾಗ ಒಳಗಿನ ವಸ್ತುಗಳ ವಿವರ ಓದಿ. "ಚಾಕೊಲೇಟ್ ರುಚಿಯ" ಅಂತಲೋ "ಕಾಂಪೌಂಡ್" ಅಂತಲೋ ಇದ್ದರೆ ಅದು ಕೋಕೋ ಬೆಣ್ಣೆ ತೆಗೆದು ಬೇರೆ ಕೊಬ್ಬು ಹಾಕಿದ ಮಾಲು. ಬಾಯಲ್ಲಿ ಮೇಣದ ಹಾಗೆ ಅಂಟಿಕೊಳ್ಳುತ್ತದೆ.

ಈ ಟೊಳ್ಳು ಮೊಟ್ಟೆ ಅಷ್ಟೇನೂ ಹಳೆಯದಲ್ಲ. ಬ್ರಿಸ್ಟಲ್‌ನ ಫ್ರೈ ಕಂಪನಿ ಬ್ರಿಟನ್‌ನ ಮೊದಲ ಚಾಕೊಲೇಟ್ ಮೊಟ್ಟೆ ಮಾಡಿದ್ದು 1873ರಲ್ಲಿ. ಕ್ಯಾಡ್ಬರಿಯವರದು 1875ರಲ್ಲಿ ಬಂತು. ಅದು ಕಪ್ಪು ಚಾಕೊಲೇಟಿನದು, ಮೇಲ್ಮೈ ನುಣುಪು, ಒಳಗೆ ಸಕ್ಕರೆ ಹೊದಿಸಿದ ಸಣ್ಣ ಮಿಠಾಯಿಗಳು. ಅದಕ್ಕೂ ಮೊದಲು ಕೋಕೋವನ್ನು ಹೆಚ್ಚಾಗಿ ಕುಡಿಯುತ್ತಿದ್ದರು. ಅಚ್ಚಿಗೆ ಹೊಯ್ದು ತೆಳ್ಳಗೆ ನಿಲ್ಲಿಸಬೇಕಾದರೆ ಕೋಕೋ ಬೆಣ್ಣೆ ಧಾರಾಳವಾಗಿ ಬೇಕು. ಕೋಕೋದಿಂದ ಆ ಬೆಣ್ಣೆಯನ್ನು ಒತ್ತಿ ತೆಗೆಯುವ ಯಂತ್ರಕ್ಕೆ ಹಾಲೆಂಡಿನ ವಾನ್ ಹೌಟನ್ ಕುಟುಂಬಕ್ಕೆ ಪೇಟೆಂಟ್ ಸಿಕ್ಕಿದ್ದೇ 1828ರಲ್ಲಿ. ಅಂದರೆ ಇದು ಕಾರ್ಖಾನೆ ಕಾಲದ ಉಡುಗೊರೆ. ನಿಜವಾದ ಮೊಟ್ಟೆ ಕೊಡುವ ವಾಡಿಕೆ ಇದಕ್ಕಿಂತ ನೂರಾರು ವರ್ಷ ಹಳೆಯದು.

ಕಾರ್ಡ್ ಎಡವಿದ್ದು ಇಲ್ಲೇ. "ಮೊಟ್ಟೆ ಪ್ರಾಚೀನ ದೇವತೆಯ ಗುರುತು" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಮೊಟ್ಟೆಗೆ ಚಿತ್ರ ಕೊರೆಯುವ ಹವ್ಯಾಸ ಮನುಷ್ಯರಿಗೆ ಬಹಳ ಹಳೆಯದು, ಅದು ನಿಜ. ದಕ್ಷಿಣ ಆಫ್ರಿಕಾದ ಡೀಪ್‌ಕ್ಲೂಫ್ ಗುಹೆಯಲ್ಲಿ ಗೆರೆ ಕೊರೆದ ಉಷ್ಟ್ರಪಕ್ಷಿ ಮೊಟ್ಟೆಚಿಪ್ಪಿನ ಚೂರುಗಳು ಸಿಕ್ಕಿವೆ, ವಯಸ್ಸು ಸುಮಾರು 60,000 ವರ್ಷ. ಆದರೆ ಈಸ್ಟರ್‌ಗೂ ಮೊಟ್ಟೆಗೂ ನಂಟು ಬಿದ್ದದ್ದಕ್ಕೆ ಅಡುಗೆಮನೆಯ ಕಾರಣವೇ ಸಾಕು. ಈಸ್ಟರ್‌ಗೆ ಮುಂಚೆ ನಲವತ್ತು ದಿನದ ಉಪವಾಸ, ಲೆಂಟ್. ಹಿಂದೆ ಆ ದಿನಗಳಲ್ಲಿ ಮಾಂಸ ಮಾತ್ರ ಅಲ್ಲ, ಮೊಟ್ಟೆ, ಹಾಲು, ಬೆಣ್ಣೆ ಎಲ್ಲ ಬಂದ್. ಆರ್ಥೊಡಾಕ್ಸ್ ಕ್ರೈಸ್ತರಲ್ಲಿ, ಅಂದರೆ ಗ್ರೀಸ್, ರಷ್ಯ ಕಡೆಯ ಪೂರ್ವದ ಪಂಗಡದವರಲ್ಲಿ, ಈಗಲೂ ಹಾಗೇ ಇದೆ. ಮನುಷ್ಯರು ಉಪವಾಸ ಮಾಡಿದರೆ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದಾ? ಅದೂ ವಸಂತದಲ್ಲಿ, ಹಗಲು ಉದ್ದವಾದಂತೆ ಇನ್ನೂ ಜಾಸ್ತಿ ಇಡುತ್ತದೆ. ರಾಶಿ ಬೀಳುತ್ತಿತ್ತು. ಉಪವಾಸ ಮುರಿಯುವ ಬೆಳಗ್ಗೆ ಅದೇ ಹಬ್ಬದ ಊಟ, ಅದೇ ಉಡುಗೊರೆ.

ಇದಕ್ಕೆ ಲೆಕ್ಕದ ಪುಸ್ತಕದ ಸಾಕ್ಷಿಯೂ ಇದೆ. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್‌ನ ಅರಮನೆ ಖರ್ಚಿನಲ್ಲಿ 450 ಮೊಟ್ಟೆಗೆ 18 ಪೆನ್ಸ್ ಅಂತ ಬರೆದಿದ್ದಾರೆ. ಅವಕ್ಕೆ ಬಣ್ಣ ಹಾಕಿ, ಕೆಲವಕ್ಕೆ ಚಿನ್ನದ ರೇಕು ಅಂಟಿಸಿ ಅರಮನೆಯವರಿಗೆಲ್ಲ ಹಂಚಿದ್ದರು. ಬೇಡವಾದ ದೇವತೆ ಕಥೆಗಿಂತ ಈ ಒಂದು ಸಾಲನ್ನು ಕಾರ್ಡಿನಲ್ಲಿ ಹಾಕಿದ್ದರೆ ಮಕ್ಕಳಿಗೆ ಎಷ್ಟು ಮಜಾ ಇರುತ್ತಿತ್ತು, ಅಲ್ವಾ?

ಇನ್ನು ಧರ್ಮದ ಅರ್ಥವೂ ಇದೆ. ಮುಚ್ಚಿದ ಮೊಟ್ಟೆ ಯೇಸುವನ್ನಿಟ್ಟ ಸಮಾಧಿ, ಒಡೆದು ಹೊರಬರುವ ಮರಿ ಹೊಸ ಜೀವ. ಪೂರ್ವದ ಚರ್ಚುಗಳಲ್ಲಿ ಮೊಟ್ಟೆಗೆ ಕೆಂಪು ಬಣ್ಣ ಹಾಕುವುದು ಶಿಲುಬೆಯ ಮೇಲೆ ಹರಿದ ರಕ್ತದ ನೆನಪಿಗೆ. ಈ ಬುಟ್ಟಿಯ ಕಾರ್ಡಿನಲ್ಲಿ ಯೇಸುವಿನ ಹೆಸರು ಬರುವುದು ಕೊನೆಯ ಸಾಲಿನಲ್ಲಿ, ಅದೂ "ಕ್ರೈಸ್ತರು ಇದನ್ನು ಪುನರುತ್ಥಾನದ ಹಬ್ಬವಾಗಿಯೂ ಆಚರಿಸುತ್ತಾರೆ" ಅಂತ. "ಆಗಿಯೂ" ಅಂತೆ! ಆ ಹಬ್ಬ ಇರುವುದೇ ಅದಕ್ಕೆ.

ಬಣ್ಣ ಹಾಕುವ ಸೆಟ್‌ಗೆ ಬರೋಣ. ಬುಟ್ಟಿಯಲ್ಲಿ ನಾನು ಪೂರ್ತಿ ಅಂಕ ಕೊಡುವ ವಸ್ತು ಇದೊಂದೇ. ಒಂದಿಷ್ಟು ಬಣ್ಣದ ಗುಳಿಗೆ, ಮೊಟ್ಟೆ ಮುಳುಗಿಸಲು ಬಗ್ಗಿಸಿದ ತಂತಿ, ಒಣಗಲು ಇಡಲು ತೂತಿರುವ ರಟ್ಟು. ಗುಳಿಗೆಯನ್ನು ವಿನೆಗರ್‌ಗೆ ಹಾಕಿದರೆ ಬುಸ್ಸೆಂದು ಕರಗುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ವಿನೆಗರ್ ತಗುಲಿದ ಕೂಡಲೇ ಅದರ ಮೇಲೂ ಸಣ್ಣ ಗುಳ್ಳೆ ಏಳುತ್ತವೆ. ಹುಳಿ ಇದ್ದಾಗ ಈ ಬಣ್ಣಗಳು ಚಿಪ್ಪಿನ ಹೊರಪದರದ ಪ್ರೋಟೀನ್‌ಗೆ ಗಟ್ಟಿಯಾಗಿ ಹಿಡಿಯುತ್ತವೆ. ಬರೀ ನೀರಿನಲ್ಲಿ ಹಾಕಿದರೆ ಬಣ್ಣ ಮಂಕಾಗಿ ಉಳಿಯುತ್ತದೆ. ತಮ್ಮನ ಮಗಳು ಅರ್ಧ ಮೊಟ್ಟೆಯನ್ನು ಹಳದಿಯಲ್ಲಿ, ಅರ್ಧವನ್ನು ನೀಲಿಯಲ್ಲಿ ಮುಳುಗಿಸಿದಳು. ನಡುವೆ ತಾನಾಗಿ ಹಸಿರು ಪಟ್ಟಿ ಬಂತು. "ಅತ್ತೆ, ಇದನ್ನ ನಾನು ಹಾಕಿಲ್ಲ, ಅದೇ ಬಂತು" ಅಂತ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಅವಳ ಅಣ್ಣ ಮೇಣದ ಕಡ್ಡಿಯಲ್ಲಿ ತನ್ನ ಹೆಸರು ಬರೆದು ಮುಳುಗಿಸಿದ. ಬಣ್ಣ ಮೇಣದ ಮೇಲೆ ನಿಲ್ಲಲಿಲ್ಲ, ಹೆಸರು ಬೆಳ್ಳಗೆ ಮೂಡಿತು. ಚಾಕೊಲೇಟ್ ಮೊಟ್ಟೆ ಪಕ್ಕದಲ್ಲೇ ಇತ್ತು, ಅಷ್ಟು ಹೊತ್ತು ಅದನ್ನು ಯಾರೂ ಮುಟ್ಟಲಿಲ್ಲ.

ಎರಡು ಕೊರತೆ. ತಂತಿಯ ಉಂಗುರ ಸಣ್ಣದು, ದೊಡ್ಡ ಮೊಟ್ಟೆ ಜಾರಿ ಬಟ್ಟಲಿಗೆ ಬೀಳುತ್ತದೆ. ಊಟದ ಚಮಚವೇ ವಾಸಿ. ಜೊತೆಗಿರುವ ಸ್ಟಿಕ್ಕರ್‌ಗಳು ಒದ್ದೆ ಚಿಪ್ಪಿಗೆ ಅಂಟುವುದಿಲ್ಲ, ಒಣಗಿದ ಮೇಲೆ ಅಂಟಿಸಿದರೂ ಅಂಚು ಏಳುತ್ತದೆ. ಇನ್ನೊಂದು ಮುಖ್ಯ ಮಾತನ್ನು ಡಬ್ಬದ ಮೇಲೆ ಎಲ್ಲೂ ಬರೆದಿಲ್ಲ. ಬೇಯಿಸಿದ ಮೊಟ್ಟೆ ತಿನ್ನುವ ಯೋಚನೆ ಇದ್ದರೆ ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಫ್ರಿಜ್‌ನಲ್ಲಿಟ್ಟರೂ ಒಂದು ವಾರದೊಳಗೆ ಮುಗಿಸಿ. ತೋಟದಲ್ಲಿ ಬಚ್ಚಿಟ್ಟು ಹುಡುಕುವ ಆಟಕ್ಕೆ ಬೇರೆಯದೇ ಮೊಟ್ಟೆ ಇಟ್ಟುಕೊಳ್ಳಿ.

ಸೆಟ್ ಸಿಗದಿದ್ದರೂ ಚಿಂತೆಯಿಲ್ಲ. ಈರುಳ್ಳಿಯ ಒಣ ಸಿಪ್ಪೆಯನ್ನು ನೀರಲ್ಲಿ ಚೆನ್ನಾಗಿ ಕುದಿಸಿ, ಸ್ವಲ್ಪ ವಿನೆಗರ್ ಹಾಕಿ, ಅದರಲ್ಲೇ ಮೊಟ್ಟೆ ಬೇಯಿಸಿದರೆ ಇಟ್ಟಿಗೆ ಕೆಂಪು ಬರುತ್ತದೆ. ನೇರಳೆ ಎಲೆಕೋಸಿನ ನೀರಲ್ಲಿ ರಾತ್ರಿಯಿಡೀ ಬಿಟ್ಟರೆ ನೀಲಿ. ನೋಡಲು ನೀರು ನೇರಳೆ, ಮೊಟ್ಟೆ ಮಾತ್ರ ನೀಲಿಯಾಗಿ ಮೇಲೆ ಬರುತ್ತದೆ. ಒಂದು ಸಣ್ಣ ಸೊಪ್ಪಿನೆಲೆಯನ್ನು ಮೊಟ್ಟೆಗೆ ಒತ್ತಿ, ಹಳೆಯ ತೆಳು ಕಾಲುಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಹಾಕಿದರೆ ಎಲೆಯ ನರಗಳೂ ಅಚ್ಚಾಗಿ ಮೂಡುತ್ತವೆ. ಉಡುಗೊರೆಗೆ ದುಡ್ಡು ಹಾಕಲೇಬೇಕು ಅಂತ ಇಲ್ಲ.

ಗ್ರೀಸಿನಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಕೆಂಪು ಮೊಟ್ಟೆ ಮಾಡಿಟ್ಟುಕೊಳ್ಳುತ್ತಾರೆ. ಈಸ್ಟರ್ ರಾತ್ರಿ ಪೂಜೆ ಮುಗಿದ ಮೇಲೆ ಒಬ್ಬರ ಮೊಟ್ಟೆಗೆ ಇನ್ನೊಬ್ಬರು ತಮ್ಮ ಮೊಟ್ಟೆಯನ್ನು ಟಕ್ಕನೆ ತಾಗಿಸುತ್ತಾರೆ. ಒಬ್ಬರು "ಕ್ರಿಸ್ತ ಎದ್ದಿದ್ದಾನೆ" ಅನ್ನುತ್ತಾರೆ, ಇನ್ನೊಬ್ಬರು "ನಿಜವಾಗಿಯೂ ಎದ್ದಿದ್ದಾನೆ" ಅನ್ನುತ್ತಾರೆ. ಯಾರದು ಒಡೆಯದೆ ಉಳಿಯುತ್ತದೋ ಅವರಿಗೆ ಆ ವರ್ಷ ಅದೃಷ್ಟ. ಈ ಆಟವನ್ನು ಮಕ್ಕಳಿಗೆ ಹೇಳಿಕೊಟ್ಟರೆ ಸಾಕು, ಬೇರೆ ಆಟಿಕೆ ಬೇಡ. ಅಮೆರಿಕದ ಮಕ್ಕಳು ಮೊಟ್ಟೆ ಉರುಳಿಸಿ ಆಡುತ್ತಿದ್ದರು. ಸಂಸತ್ ಭವನದ ಹುಲ್ಲು ಹಾಳಾಗುತ್ತದೆ ಅಂತ 1876ರಲ್ಲಿ ಅಲ್ಲಿ ಕಾನೂನು ಮಾಡಿ ನಿಲ್ಲಿಸಿದರು. 1878ರಲ್ಲಿ ಅಧ್ಯಕ್ಷ ಹೇಯ್ಸ್ ತಮ್ಮ ಮನೆಯಂಗಳವನ್ನೇ ಬಿಟ್ಟುಕೊಟ್ಟರು. ಶ್ವೇತಭವನದ ಮೊಟ್ಟೆ ಉರುಳಿಸುವ ಆಟ ಶುರುವಾದದ್ದು ಹಾಗೆ.

ಬುಟ್ಟಿಯಲ್ಲಿ ಮರದ ಮೊಟ್ಟೆಯೂ ಒಂದಿತ್ತು. ಉಕ್ರೇನಿನ ಪಿಸಾಂಕ ಮಾದರಿಯದು ಅಂತ ಬರೆದಿದೆ. ಭೂತಗನ್ನಡಿ ಹಿಡಿದು ನೋಡಿದರೆ ಮುದ್ರಣದ ಚುಕ್ಕಿಗಳು ಕಾಣುತ್ತವೆ. ಅಂದರೆ ಚಿತ್ರ ಬರೆದದ್ದಲ್ಲ, ಛಾಪಿಸಿದ್ದು. ಕಪಾಟಿನಲ್ಲಿಡಲು ಅಡ್ಡಿಯಿಲ್ಲ, ಆದರೆ ಪಿಸಾಂಕ ಅನ್ನಬಾರದು. ಅಸಲಿ ಕೆಲಸವೇ ಬೇರೆ. ಹಸಿ ಮೊಟ್ಟೆಯ ಮೇಲೆ ಸಣ್ಣ ಕೊಳವೆಯಿರುವ ಕಡ್ಡಿಯಿಂದ ಬಿಸಿ ಜೇನುಮೇಣದಲ್ಲಿ ಗೆರೆ ಎಳೆಯುತ್ತಾರೆ. ಆ ಕಡ್ಡಿಗೆ ಕಿಸ್ಟ್ಕ ಅಂತ ಹೆಸರು. ಬೆಳ್ಳಗೆ ಉಳಿಯಬೇಕಾದ ಗೆರೆ ಮೊದಲು. ಆಮೇಲೆ ಹಳದಿ ಬಣ್ಣಕ್ಕೆ ಅದ್ದಿ, ಹಳದಿ ಉಳಿಯಬೇಕಾದ ಕಡೆ ಮತ್ತೆ ಮೇಣ. ಹೀಗೆ ಕಿತ್ತಳೆ, ಕೆಂಪು, ಕೊನೆಗೆ ಕಪ್ಪು. ಅಷ್ಟು ಹೊತ್ತಿಗೆ ಮೊಟ್ಟೆ ಮೇಣ ಮೆತ್ತಿಕೊಂಡ ಕರಿ ಉಂಡೆ, ಚಿತ್ರ ಏನೂ ಕಾಣುವುದಿಲ್ಲ. ಮೇಣದಬತ್ತಿಯ ಪಕ್ಕದಲ್ಲಿ ಹಿಡಿದು ಬಿಸಿ ಮಾಡಿ, ಬಟ್ಟೆಯಿಂದ ಒರೆಸುತ್ತಾ ಹೋದಂತೆ ಒಂದೊಂದೇ ಬಣ್ಣ ಹೊರಬರುತ್ತದೆ. 2024ರಲ್ಲಿ ಯುನೆಸ್ಕೊ ಈ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಉಕ್ರೇನಿನ ಕೊಲೊಮಿಯಾ ಊರಲ್ಲಿ ಇದಕ್ಕೇ ಒಂದು ಮ್ಯೂಸಿಯಂ ಇದೆ, ಕಟ್ಟಡದ ಒಂದು ಭಾಗವೇ ದೊಡ್ಡ ಮೊಟ್ಟೆ.

ಹೈಸ್ಕೂಲು ಮಕ್ಕಳಿಗೆ ಅಥವಾ ಕೈಕೆಲಸ ಇಷ್ಟಪಡುವ ದೊಡ್ಡವರಿಗೆ ಕೊಡುವುದಾದರೆ ಈ ಮರದ ಮೊಟ್ಟೆ ಬಿಟ್ಟು ಕಿಸ್ಟ್ಕ, ಜೇನುಮೇಣ, ಬಣ್ಣದ ಪುಡಿ ಇರುವ ಸೆಟ್ ಕೊಡಿ. ಬೇರೆಯಾಗಿ ಸಿಗುತ್ತದೆ. ಬೆಂಕಿಯ ಕೆಲಸ ಇರುವುದರಿಂದ ಚಿಕ್ಕ ಮಕ್ಕಳಿಗೆ ಬೇಡ. ಆ ಬಣ್ಣಗಳು ಹೆಚ್ಚಾಗಿ ತಿನ್ನುವಂಥವಲ್ಲ ಅನ್ನುವುದೂ ನೆನಪಿರಲಿ.

ಮೊಲಕ್ಕೆ ಬಂದರೆ, ಚಿನ್ನದ ಬಣ್ಣದ ಹಾಳೆ ಸುತ್ತಿದ ಚಾಕೊಲೇಟ್ ಮೊಲ ನೋಡಲು ಭರ್ಜರಿ. ತೂಕ ನೋಡಿದರೆ ದೊಡ್ಡ ಮೊಟ್ಟೆಯ ಅರ್ಧವೂ ಇಲ್ಲ. ಕಿವಿ ಮಾತ್ರ ಗಟ್ಟಿ, ಉಳಿದದ್ದೆಲ್ಲ ತೆಳ್ಳಗೆ. ಮಕ್ಕಳು ಮೊದಲು ಕಿವಿಯನ್ನೇ ಕಚ್ಚುವುದರಲ್ಲಿ ಅರ್ಥವಿದೆ. ರುಚಿಗೆ ಪರವಾಗಿಲ್ಲ, ಸಿಹಿ ಜಾಸ್ತಿ. ಬಟ್ಟೆಯ ಮೊಲವೂ ಒಂದಿದೆ. ಹೊಲಿಗೆ ಗಟ್ಟಿ, ಕಣ್ಣು ದಾರದಲ್ಲೇ ಕಸೂತಿ ಮಾಡಿದ್ದು. ಕಿತ್ತು ಬಾಯಿಗೆ ಹೋಗುವ ಗುಂಡಿ ಇಲ್ಲ. ಅಷ್ಟು ಸಾಕು.

ಕಾರ್ಡಿನ ದೊಡ್ಡ ಬುರುಡೆ ಇರುವುದು ಈ ಮೊಲದ ಬಗ್ಗೆಯೇ. ಈಯೊಸ್ಟ್ರೆ ಎಂಬ ವಸಂತ ದೇವತೆ ಗಾಯಗೊಂಡ ಹಕ್ಕಿಯನ್ನು ಮೊಲವಾಗಿ ಬದಲಿಸಿದಳಂತೆ, ಮೊಲವಾದರೂ ಅದು ಮೊಟ್ಟೆ ಇಡುತ್ತಲೇ ಹೋಯಿತಂತೆ. ಓದಲು ಚೆನ್ನಾಗಿದೆ. "ಸಾವಿರಾರು ವರ್ಷಗಳ ಹಿಂದಿನ ಐತಿಹ್ಯ" ಅಂತ ಬರೆದಿರುವುದೇ ತೊಂದರೆ. ಈ ದೇವತೆಯ ಹೆಸರು ಹಳೆಯ ಬರಹಗಳಲ್ಲಿ ಸಿಗುವುದು ಒಂದೇ ಕಡೆ. ಇಂಗ್ಲೆಂಡಿನ ಸಂನ್ಯಾಸಿ ಬೀಡ್ 725ರಲ್ಲಿ ಕಾಲಗಣನೆಯ ಬಗ್ಗೆ ಬರೆದ ಪುಸ್ತಕದಲ್ಲಿ. ಒಂದು ತಿಂಗಳಿಗೆ ಅವಳ ಹೆಸರಿತ್ತು, ಹಿಂದಿನವರು ಆಗ ಅವಳಿಗೆ ಹಬ್ಬ ಮಾಡುತ್ತಿದ್ದರು ಅಂತ ಅವನು ಹೇಳುತ್ತಾನೆ. ಅಷ್ಟೇ. ಮೊಲ ಇಲ್ಲ, ಮೊಟ್ಟೆ ಇಲ್ಲ, ಹಕ್ಕಿಯೂ ಇಲ್ಲ. ಗ್ರಿಮ್ ಸೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ 1835ರಲ್ಲಿ ಜರ್ಮನಿಯಲ್ಲೂ ಇಂಥ ದೇವತೆ ಇದ್ದಿರಬೇಕು ಅಂತ ಊಹಿಸಿದ. ಆಮೇಲೆ ಬಂದವರು ಆ ಊಹೆಗೆ ಮೊಲವನ್ನು ಕಟ್ಟಿದರು. ಹಕ್ಕಿ ಮೊಲವಾದ ಕಥೆ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಹಬ್ಬಿದ್ದು. ಅದೇ ಕಾರ್ಡಿನಲ್ಲಿ ಬ್ಯಾಬಿಲೋನಿನ ಇಷ್ಟಾರ್ ದೇವತೆಯನ್ನೂ ಎಳೆದು ತಂದಿದ್ದಾರೆ. ಅವಳಿಗೂ ಈ ಹಬ್ಬಕ್ಕೂ ಯಾವ ನಂಟೂ ಇಲ್ಲ. ಅವಳ ಪ್ರಾಣಿ ಸಿಂಹ.

ಬರಹದಲ್ಲಿ ಸಿಗುವ ಮೊಲ ಜರ್ಮನಿ ಕಡೆಯದು. 1682ರಲ್ಲಿ ಗೇಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನೌ ಎಂಬ ವೈದ್ಯ ಈಸ್ಟರ್ ಮೊಟ್ಟೆಗಳ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ. ಈಗ ಫ್ರಾನ್ಸಿನಲ್ಲಿರುವ ಆಲ್ಸೇಸ್ ಮತ್ತು ಸುತ್ತಮುತ್ತ ಮೊಲ ಬಂದು ಹುಲ್ಲಿನಲ್ಲಿ, ಪೊದೆಯಲ್ಲಿ ಮೊಟ್ಟೆ ಬಚ್ಚಿಡುತ್ತದೆ ಅಂತ ಮಕ್ಕಳಿಗೆ ಹೇಳುತ್ತಾರೆ ಅನ್ನುವುದು ಅದರಲ್ಲಿದೆ. ವೈದ್ಯನಿಗೆ ಇದರಲ್ಲಿ ಏನು ಕೆಲಸ ಅಂತೀರಾ? ಮೊಟ್ಟೆ ಅತಿಯಾಗಿ ತಿಂದು ಹೊಟ್ಟೆ ಕೆಡಿಸಿಕೊಳ್ಳುವುದರ ಬಗ್ಗೆ ಎಚ್ಚರಿಸುವುದು ಅವನ ಉದ್ದೇಶ! ಹದಿನೆಂಟನೇ ಶತಮಾನದಲ್ಲಿ ಜರ್ಮನ್ನರು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋದಾಗ ಮೊಲವೂ ಅವರ ಜೊತೆ ಹೋಯಿತು. ಮಕ್ಕಳು ಟೋಪಿಯಲ್ಲಿ ಗೂಡು ಮಾಡಿ ಇಡುತ್ತಿದ್ದರು, ಬೆಳಗ್ಗೆ ಅದರಲ್ಲಿ ಬಣ್ಣದ ಮೊಟ್ಟೆ. ಇವತ್ತಿನ ಬುಟ್ಟಿ ಬಂದದ್ದು ಆ ಟೋಪಿಯಿಂದ. ಎಲ್ಲ ಕಡೆ ಮೊಲವೇ ಅಂತಲೂ ಇಲ್ಲ. ಫ್ರಾನ್ಸಿನಲ್ಲಿ ಚರ್ಚಿನ ಗಂಟೆಗಳು ರೋಮ್‌ಗೆ ಹಾರಿಹೋಗಿ ವಾಪಸು ಬರುವಾಗ ಮೊಟ್ಟೆ ಉದುರಿಸುತ್ತವೆ. ಆಸ್ಟ್ರೇಲಿಯಾದಲ್ಲಿ ಮೊಲ ಅಂದರೆ ಬೆಳೆಗೂ ಕಾಡಿಗೂ ಪಿಡುಗು. ಅದಕ್ಕೇ ಅಲ್ಲಿ ಬಿಲ್ಬಿ ಎಂಬ ತಮ್ಮದೇ ಉದ್ದ ಕಿವಿಯ ಪ್ರಾಣಿಯ ಚಾಕೊಲೇಟನ್ನೂ ಮಾಡುತ್ತಾರೆ.

ಜೀವಂತ ಮೊಲ ಕೊಡುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬೇಡ. ಅದು ಎಂಟು ಹತ್ತು ವರ್ಷ ಬದುಕುವ ಪ್ರಾಣಿ. ಎತ್ತಿ ಆಡಿಸಿದರೆ ಹೆದರುತ್ತದೆ. ಹಬ್ಬ ಮುಗಿದ ಮೇಲೆ ಎಷ್ಟೋ ಮೊಲಗಳು ಬೀದಿಗೋ ಆಶ್ರಯ ಕೇಂದ್ರಕ್ಕೋ ಸೇರುತ್ತವೆ.

ಲಿಲ್ಲಿ ಗಡ್ಡೆಯ ಬಗ್ಗೆ ನನಗೆ ಸಿಟ್ಟೇ ಇದೆ. ಪೊಟ್ಟಣದ ಮೇಲೆ ಅರಳಿದ ಬಿಳಿ ಹೂವಿನ ಚಿತ್ರ, ಒಳಗೆ ಒಂದು ಒಣ ಗಡ್ಡೆ. ಹಬ್ಬದ ವಾರದಲ್ಲಿ ಗಡ್ಡೆ ಕೊಟ್ಟರೆ ಹಬ್ಬಕ್ಕೆ ಹೂವು ಎಲ್ಲಿಂದ ಬರಬೇಕು? ಈಸ್ಟರ್ ಲಿಲ್ಲಿ ತಾನಾಗಿ ಅರಳುವುದು ತಂಪು ದೇಶಗಳ ಬೇಸಿಗೆಯಲ್ಲಿ, ಅಂದರೆ ಜೂನ್-ಜುಲೈ ಹೊತ್ತಿಗೆ. ಹಬ್ಬಕ್ಕೆ ಸರಿಯಾಗಿ ಅರಳಬೇಕಾದರೆ ಬೆಳೆಗಾರರು ಗಡ್ಡೆಯನ್ನು ವಾರಗಟ್ಟಲೆ ತಂಪಿನಲ್ಲಿಟ್ಟು, ಆಮೇಲೆ ಹಸಿರುಮನೆಯಲ್ಲಿ ಬೆಳೆಸುತ್ತಾರೆ. ಹಬ್ಬದ ದಿನಾಂಕ ಪ್ರತಿ ವರ್ಷ ಬದಲಾಗುವುದರಿಂದ ಅವರ ಲೆಕ್ಕವೂ ಪ್ರತಿ ವರ್ಷ ಬದಲಾಗುತ್ತದೆ. ಈ ಹೂವಿನ ತವರು ಜಪಾನಿನ ದಕ್ಷಿಣದ ರ್‍ಯೂಕ್ಯೂ ದ್ವೀಪಗಳು ಮತ್ತು ತೈವಾನ್. 1919ರಲ್ಲಿ ಲೂಯಿಸ್ ಹೌಟನ್ ಎಂಬ ಸೈನಿಕ ಒಂದು ಪೆಟ್ಟಿಗೆ ತುಂಬ ಗಡ್ಡೆ ತಂದು ಅಮೆರಿಕದ ಆರೆಗಾನ್ ಕರಾವಳಿಯಲ್ಲಿ ಗೆಳೆಯರಿಗೆ ಹಂಚಿದ. 1941ರಲ್ಲಿ ಯುದ್ಧದಿಂದ ಜಪಾನಿನ ಗಡ್ಡೆ ಬರುವುದು ನಿಂತಾಗ ಅಲ್ಲಿ ಹವ್ಯಾಸಕ್ಕೆ ಬೆಳೆಸುತ್ತಿದ್ದವರ ಕೈಯಲ್ಲಿದ್ದದ್ದಕ್ಕೆ ಭಾರಿ ಬೆಲೆ ಬಂತು.

ಸಿಟ್ಟಿನ ಕಾರಣ ಹೂವು ತಡವಾಗುವುದಲ್ಲ. ಈ ಲಿಲ್ಲಿ ಬೆಕ್ಕಿಗೆ ವಿಷ. ಎಲೆ, ಹೂವು, ಕುಂಡದ ನೀರು, ಕೊನೆಗೆ ಮೈಮೇಲೆ ಬಿದ್ದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಕಿಡ್ನಿ ಕೆಡುತ್ತದೆ. ತಡ ಮಾಡಿದರೆ ಉಳಿಯುವುದಿಲ್ಲ. ಪೊಟ್ಟಣದ ಮೇಲೆ ಈ ಬಗ್ಗೆ ಒಂದು ಅಕ್ಷರವೂ ಇಲ್ಲ. ತಮ್ಮನ ಮನೆಯಲ್ಲಿ ಬೆಕ್ಕಿದೆ. ಗಡ್ಡೆಯನ್ನು ನಾನೇ ವಾಪಸು ತಂದೆ. ನಾಯಿ ಇರುವ ಮನೆಯಾದರೆ ಚಾಕೊಲೇಟನ್ನೂ ಎತ್ತರದಲ್ಲಿಡಿ. ಕೋಕೋದಲ್ಲಿರುವ ಥಿಯೋಬ್ರೊಮಿನ್ ನಾಯಿಗೆ ಆಗುವುದಿಲ್ಲ, ಕಪ್ಪು ಚಾಕೊಲೇಟ್ ಆದಷ್ಟೂ ಅಪಾಯ ಜಾಸ್ತಿ. ಬುಟ್ಟಿಯ ತಳದಲ್ಲಿ ಹಾಸಿದ ಪ್ಲಾಸ್ಟಿಕ್ ಹುಲ್ಲನ್ನಂತೂ ಬಂದ ದಿನವೇ ತೆಗೆದುಬಿಡಿ. ಪ್ರಾಣಿಗಳು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ, ನುಂಗದಿದ್ದರೆ ಮನೆಯ ಮೂಲೆ ಮೂಲೆಯಲ್ಲಿ ತಿಂಗಳುಗಟ್ಟಲೆ ಸಿಗುತ್ತದೆ.

ಇನ್ನೊಂದು ಸಣ್ಣ ಲೋಹದ ಮೊಟ್ಟೆ ಡಬ್ಬಿ ಇದೆ, ಫ್ಯಾಬರ್ಜೆ ಶೈಲಿಯದಂತೆ. ಫ್ಯಾಬರ್ಜೆ ಅಂದರೆ ರಷ್ಯದ ಅರಮನೆಗೆ ಒಡವೆ ಮಾಡಿಕೊಡುತ್ತಿದ್ದವನು. ಕೀಲು ಸಡಿಲ, ಮೇಲಿನ ಬಣ್ಣ ಅಂಚಿನಲ್ಲಿ ಎದ್ದಿದೆ. ಆದರೂ ಇದನ್ನು ಎಸೆಯಬೇಡಿ ಅನ್ನುತ್ತೇನೆ. 1885ರಲ್ಲಿ ರಷ್ಯದ ದೊರೆ ಮೂರನೇ ಅಲೆಕ್ಸಾಂಡರ್ ಹೆಂಡತಿಗೆ ಈಸ್ಟರ್ ಉಡುಗೊರೆಯಾಗಿ ಕೊಟ್ಟ ಮೊದಲ ಫ್ಯಾಬರ್ಜೆ ಮೊಟ್ಟೆ ಹೊರಗಿನಿಂದ ಬರೀ ಬಿಳಿ. ತೆರೆದರೆ ಒಳಗೆ ಚಿನ್ನದ ಹಳದಿ ಭಾಗ, ಅದರೊಳಗೆ ಚಿನ್ನದ ಹೇಂಟೆ. ಆ ಮನೆತನಕ್ಕೆ ಇಂಥ 50 ಮೊಟ್ಟೆ ಕೊಟ್ಟರು. ಕೊಡುವ ತನಕ ಒಳಗೇನಿದೆ ಅಂತ ಹೇಳುತ್ತಿರಲಿಲ್ಲ. ಕಳೆದುಹೋಗಿದ್ದ ಒಂದು ಮೊಟ್ಟೆ ಅಮೆರಿಕದ ಗುಜರಿ ವ್ಯಾಪಾರಿಯೊಬ್ಬನ ಕೈಗೆ ಸಿಕ್ಕಿತ್ತು. ಕರಗಿಸಿ ಚಿನ್ನದ ಬೆಲೆಗೆ ಮಾರೋಣ ಅಂತ ಕೊಂಡಿದ್ದ. ಅದು ಏನು ಅಂತ 2014ರಲ್ಲಿ ಜಗತ್ತಿಗೆ ತಿಳಿಯಿತು. ಹಾಗಾಗಿ ಡಬ್ಬಿ ಅಗ್ಗದ್ದಾದರೂ ಒಳಗೆ ನಿಮ್ಮದೇ ಏನಾದರೂ ಇಡಿ. ನಾನು ನಮ್ಮ ಅಮ್ಮನ ಹಳೆಯ ಓಲೆ ಇಟ್ಟು ತಮ್ಮನ ಹೆಂಡತಿಗೆ ಕೊಟ್ಟೆ. ಇಡೀ ಬುಟ್ಟಿಯಲ್ಲಿ ಅವಳು ಎತ್ತಿಟ್ಟುಕೊಂಡದ್ದು ಅದೊಂದೇ.

ಬುಟ್ಟಿಯಲ್ಲಿ ಇರಬೇಕಾಗಿದ್ದು, ಇಲ್ಲದ್ದು, ಒಂದು ಒಳ್ಳೆಯ ಮೇಣದಬತ್ತಿ. ಈಸ್ಟರ್ ಹಿಂದಿನ ರಾತ್ರಿಯ ಪೂಜೆ ಕತ್ತಲಲ್ಲಿ ಶುರುವಾಗುತ್ತದೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ ದೊಡ್ಡ ಪಾಸ್ಕ (ಈಸ್ಟರ್) ಬತ್ತಿಯನ್ನು ಹಚ್ಚುತ್ತಾರೆ. ಅದರ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಕೊರೆದಿರುತ್ತಾರೆ. ಜನ ತಮ್ಮ ಕೈಯ ಸಣ್ಣ ಬತ್ತಿಗಳನ್ನು ಅದರಿಂದಲೇ ಹಚ್ಚಿಕೊಳ್ಳುತ್ತಾರೆ. ಮಗುವಿನ ಹೆಸರೂ ವರ್ಷವೂ ಬರೆದ ಜೇನುಮೇಣದ ಬತ್ತಿ ಕೊಟ್ಟರೆ ಪ್ಲಾಸ್ಟಿಕ್ ಹುಲ್ಲಿಗೆ ಹಾಕಿದ ದುಡ್ಡಿನಲ್ಲೇ ಮುಗಿಯುತ್ತಿತ್ತು.

ಕಾರ್ಡಿನ ತಪ್ಪು, ಲಿಲ್ಲಿಯ ಎಚ್ಚರಿಕೆ ಎರಡನ್ನೂ ಮಾರಿದವರಿಗೆ ಬರೆದು ಕಳಿಸಿದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಉತ್ತರ ಬಂತು, ಜೊತೆಗೆ ಮುಂದಿನ ಖರೀದಿಗೆ ರಿಯಾಯಿತಿ ಕೂಪನ್. ಲಿಲ್ಲಿಯ ಬಗ್ಗೆ ಒಂದು ಮಾತೂ ಇಲ್ಲ. ಇಂಥ ಬುಟ್ಟಿ ನಾನಂತೂ ಮತ್ತೆ ತರಿಸುವುದಿಲ್ಲ. ಚಾಕೊಲೇಟ್ ಮೊಟ್ಟೆ ಬೇರೆ, ಬಣ್ಣದ ಸೆಟ್ ಬೇರೆ ತರಿಸಿ, ನನ್ನದೇ ಕೈಬರಹದ ಕಾರ್ಡ್ ಇಡುತ್ತೇನೆ. ಅದರಲ್ಲಿ ಎಡ್ವರ್ಡ್ ದೊರೆಯ 450 ಮೊಟ್ಟೆ ಇದ್ದೇ ಇರುತ್ತದೆ. ಯಾವುದಕ್ಕೂ ಪುರುಸೊತ್ತಿಲ್ಲ, ಬೆಕ್ಕೂ ಇಲ್ಲ ಅನ್ನುವವರು ಬುಟ್ಟಿಯನ್ನೇ ಕೊಳ್ಳಬಹುದು.

ಕೊಳ್ಳುವವರು ದಿನಾಂಕ ನೋಡಿಕೊಂಡು ಆರ್ಡರ್ ಮಾಡಿ. ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ ಕಳೆದ ಮೇಲೆ ಬರುವ ಭಾನುವಾರ ಈಸ್ಟರ್. ಹುಣ್ಣಿಮೆ ಅಂದರೆ ಚರ್ಚಿನ ಕೋಷ್ಟಕದ ಹುಣ್ಣಿಮೆ. ಎಲ್ಲರೂ ಒಂದೇ ದಿನ ಮಾಡಬೇಕು ಅಂತ 325ರಲ್ಲಿ ನೈಸಿಯಾ ಊರಿನಲ್ಲಿ ಸೇರಿದ ಬಿಷಪ್‌ಗಳ ಸಭೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬೀಳಬಹುದು. ಆರ್ಥೊಡಾಕ್ಸ್ ಚರ್ಚುಗಳು ಹಳೆಯ ಜೂಲಿಯನ್ ಪಂಚಾಂಗದ ಪ್ರಕಾರ ಲೆಕ್ಕ ಹಾಕುವುದರಿಂದ ಅವರ ದಿನ ಹೆಚ್ಚಾಗಿ ಬೇರೆ. 2027ರಲ್ಲಿ ಒಬ್ಬರಿಗೆ ಮಾರ್ಚ್ 28, ಇನ್ನೊಬ್ಬರಿಗೆ ಮೇ 2. ಆರ್ಥೊಡಾಕ್ಸ್ ಗೆಳೆಯರಿಗೆ ಕೊಡುವವರಿಗೆ ಇದು ಅನುಕೂಲ. ಮೊದಲ ಈಸ್ಟರ್ ಮುಗಿದ ಮರುದಿನವೇ ಅಂಗಡಿಗಳು ಉಳಿದ ಚಾಕೊಲೇಟ್ ಮೊಟ್ಟೆಯ ಬೆಲೆ ಇಳಿಸುತ್ತವೆ. ಪೊಟ್ಟಣದ ಮೇಲೆ ಬರೆದ, ಅವಧಿ ಮುಗಿಯುವ ತಾರೀಖು ನೋಡಿ ಕೊಂಡು ತಂಪಾದ ಕಪಾಟಿನಲ್ಲಿಟ್ಟರೆ ಐದು ವಾರ ಏನೂ ಆಗುವುದಿಲ್ಲ. 2028ರಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆ ವರ್ಷ ಇಬ್ಬರಿಗೂ ಏಪ್ರಿಲ್ 16.